ಹಲ್ಲಿನ ಡಾಕ್ಟರ ಟರ್ಬೊ ಚಿಕಿತ್ಸೆ

ಭರ್ರ್... ಟುಸ್ಸ್!

ಸಂಜೆ ಬೀದಿಯ ತಿರುವಿನಲ್ಲಿ ಈ ಸದ್ದು ಕೇಳಿಸಿದರೆ ಸಾಕು, ಹಲ್ಲಿನ ಡಾಕ್ಟರ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರವೇ ನಿಂತುಬಿಡುತ್ತಿತ್ತು. ಎದುರುಮನೆಗೆ ಬಾಡಿಗೆಗೆ ಬಂದ ಹೊಸ ದಂಪತಿಗಳ ಕಾರು ಅದು, ಎಂಜಿನ್ನಿಗೆ ಗಾಳಿ ಊದಿ ಜೋರು ಕೊಡುವ ಟರ್ಬೊ ಇದ್ದದ್ದು. ಗೇರು ಬದಲಿಸಿದಾಗಲೆಲ್ಲ ನೆಗಡಿಯಾದ ಆನೆಯಂತೆ ಸೀನುತ್ತಿತ್ತು. ಬೀದಿಯವರೆಲ್ಲ ಬೈದುಕೊಂಡು ಕಿಟಕಿ ಮುಚ್ಚುತ್ತಿದ್ದರು. ಡಾಕ್ಟರು ಮಾತ್ರ ತೆರೆಯುತ್ತಿದ್ದರು.

"ಇದೊಂದು ಸದ್ದಾ? ನಮ್ಮ ಕಾರಿನ ಟರ್ಬೊ ಒಂದು ಕಾಲಕ್ಕೆ ಕೊಳಲು ನುಡಿಸ್ತಿತ್ತು!" ಎಂದರು ಒಂದು ದಿನ.

"ಈಗ ಗೊರಕೆ ಹೊಡೀತಿದೆ," ಎಂದಳು ಹೆಂಡತಿ, ಬಟ್ಟೆ ಮಡಿಸುತ್ತಾ.

ಗೊರಕೆ ಹೊಡೆಯುತ್ತಿದ್ದ ಕಾರು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿತ್ತು. ಮದುವೆಯಾದ ವರ್ಷ ಕೊಂಡದ್ದು. ಆಗ ಕೆಂಪಗಿತ್ತು, ಬಿಸಿಲು ಕುಡಿದು ಕುಡಿದು ಈಗ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಮುಂದಿನ ಸೀಟಿನ ಬೆನ್ನಿನ ಮೇಲೆ ಮಗಳು ಹಾಲುಹಲ್ಲಿನಲ್ಲಿ ಕಚ್ಚಿದ ಗುರುತಿತ್ತು. ಯಾವ ಗುಳಿ ಯಾವ ಹಲ್ಲಿನದೆಂದು ಡಾಕ್ಟರು ಕಣ್ಣುಮುಚ್ಚಿ ಬೆರಳಾಡಿಸಿ ಹೇಳಬಲ್ಲರು. ಮಗಳಿಗೀಗ ಕಚ್ಚುವ ವಯಸ್ಸಿನ ಮಗನಿದ್ದಾನೆ.

ಆ ಕಾರಿನ ಬಗ್ಗೆ ಡಾಕ್ಟರ ಬಳಿ ಒಂದು ಕಥೆಯಿತ್ತು. ಊರಾಚೆ ನೀರಿನ ಟ್ಯಾಂಕಿನವರೆಗೆ ಏರುವ ರಸ್ತೆಯನ್ನು ಅವರ ಕಾರು ಒಂದೇ ಉಸಿರಿಗೆ ಹತ್ತುತ್ತಿತ್ತಂತೆ, ಪಕ್ಕದಲ್ಲಿ ಹೊಸ ಹೆಂಡತಿ, ಹಾರುವ ಕೂದಲು! ನೆಂಟರು ಸೇರಿದಾಗಲೆಲ್ಲ ಈ ಕಥೆ ಹೊರಬರುತ್ತಿತ್ತು. ಮೊದಮೊದಲು ಅದು ದಿಬ್ಬವಾಗಿತ್ತು. ಮಗಳು ಶಾಲೆಗೆ ಸೇರುವ ಹೊತ್ತಿಗೆ ಗುಡ್ಡವಾಯಿತು. ಅವಳ ಮದುವೆಯಲ್ಲಿ ಬೀಗರ ಮುಂದೆ ಹೇಳುವಾಗ ಸಾಕ್ಷಾತ್ ಪರ್ವತವೇ ಆಗಿತ್ತು!

ಹೆಂಡತಿಯ ತಮ್ಮ ಹಳೆಯ ವಾಹನಗಳ ದಲ್ಲಾಳಿ. ಆ ಭಾನುವಾರ ಊಟಕ್ಕೆ ಬಂದವನು ಶೆಡ್ಡಿಗೊಂದು ಸುತ್ತು ಹಾಕಿ ಬಂದು, "ಭಾವ, ಒಬ್ಬ ಗಿರಾಕಿ ಸಿಕ್ಕಿದ್ದಾನೆ. ಬಿಡಿಭಾಗಕ್ಕೆ ತಗೊಳ್ತಾನೆ. ಕೊಟ್ಟು ಕೈ ತೊಳ್ಕೊಳ್ಳಿ," ಎಂದ.

"ಬಿಡಿಭಾಗಕ್ಕಾ? ಏನಯ್ಯಾ, ಪರ್ವತ ಹತ್ತಿದ ಕಾರಿದು!"

"ಈಗ ನಿಮ್ಮನೆ ಗೇಟಿನ ಹಂಪು ಹತ್ತಲಿ ನೋಡೋಣ."

ಡಾಕ್ಟರಿಗೆ ಉರಿದುಹೋಯಿತು. ಎದ್ದು ನಿಂತು ಘೋಷಿಸಿದರು: "ಇನ್ನೊಂದು ವಾರ! ಹೊಸ ಪಾರ್ಟು ತರಿಸ್ತೀನಿ, ನಾನೇ ಹಾಕ್ತೀನಿ. ಜನರ ಬಾಯಲ್ಲಿ ನರ ಹುಡುಕಿದ ಕೈ ಇದು. ಇಷ್ಟು ದೊಡ್ಡ ಬಾನೆಟ್ಟಿನೊಳಗೆ ಒಂದು ಪೈಪು ಸಿಕ್ಕಿಸೋದೇನು ಮಹಾ!"

ಹೆಂಡತಿ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು, "ಸರಿ, ಮುಂದಿನ ಭಾನುವಾರ ಟ್ಯಾಂಕಿಗೆ ಹೋಗೋಣ. ಒಂದೇ ಉಸಿರಿಗೆ ಹತ್ತಲಿ," ಎಂದಳು.

"ಹತ್ತದಿದ್ರೆ ಅಲ್ಲಿಂದಲೇ ಗಿರಾಕಿಗೆ ಫೋನು," ಎಂದ ಭಾವಮೈದ.

ಹೆಂಡತಿ ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇನ್ನೊಂದು ಸೌಟು ಸಾರು ಬಡಿಸಿದಳು.

ಶನಿವಾರದ ಹೊತ್ತಿಗೆ ಪೆಟ್ಟಿಗೆಗಳು ಬಂದವು. ಟರ್ಬೊ ಬಿಸಿಮಾಡಿ ತಳ್ಳುವ ಗಾಳಿಯನ್ನು ತಣಿಸಲು ಮೊದಲಿನದಕ್ಕಿಂತ ದೊಡ್ಡ ಇಂಟರ್‌ಕೂಲರ್, ನೀಲಿ ಬಣ್ಣದ ದಪ್ಪ ಪೈಪುಗಳು, ಹೊಸ ಏರ್ ಫಿಲ್ಟರ್. ಡಾಕ್ಟರು ಬಿಳಿ ಕೋಟು ತೊಟ್ಟು, ಹಣೆಗೆ ದೀಪ ಕಟ್ಟಿ, ಕ್ಲಿನಿಕ್ಕಿನಿಂದ ತಂದ ಪುಟ್ಟ ಕನ್ನಡಿ, ಚಿಮಟ, ಇಕ್ಕಳಗಳನ್ನು ಸಾಲಾಗಿ ಜೋಡಿಸಿ ಶಸ್ತ್ರಚಿಕಿತ್ಸೆಗೆ ನಿಂತರು.

"ಬಾಯಿ ಕಳಿ... ಇನ್ನೂ ಸ್ವಲ್ಪ..." ಎನ್ನುತ್ತಾ ಬಾನೆಟ್ ಎತ್ತಿದರು. ಅಭ್ಯಾಸಬಲ!

"ಉಗುಳು ಅನ್ನೋದು ಮರೀಬೇಡಿ!" ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ.

ಹೇಳುವ ಅಗತ್ಯವೇ ಬೀಳಲಿಲ್ಲ. ಮೊದಲ ಪೈಪು ಬಿಚ್ಚುತ್ತಲೇ ಒಳಗೆ ನಿಂತಿದ್ದ ಎಣ್ಣೆಯನ್ನು ಎಂಜಿನ್ನು ತಾನಾಗಿಯೇ ಕೋಟಿನ ಮೇಲೆ ಉಗುಳಿತು.

"ಬಂದು ದೀಪ ಹಿಡಿಯೇ, ಪುಣ್ಯ ಬರುತ್ತೆ."

"ನಂಗಿವತ್ತು ರಜೆ. ಸೋಮವಾರ ಕ್ಲಿನಿಕ್ಕಲ್ಲಿ ಕೇಳಿ."

ಕ್ಲಿನಿಕ್ಕಿನಲ್ಲಿ ರೋಗಿಯ ಕುರ್ಚಿಯ ಆ ಬದಿಗೆ ನಿಲ್ಲುವವಳು ಅವಳೇ. ಕೇಳುವ ಮೊದಲೇ ಕೈಗೆ ಉಪಕರಣ ಕೊಡುವವಳು, ಬಾಯಿಗಿಟ್ಟ ಹತ್ತಿಯನ್ನೆಲ್ಲ ಒಂದೊಂದಾಗಿ ತಟ್ಟೆಗೆ ಹಾಕಿಸಿಕೊಂಡು "ಇನ್ನೊಂದಿದೆ" ಎನ್ನುವವಳು. ಇಷ್ಟು ವರ್ಷದಲ್ಲಿ ಡಾಕ್ಟರು ತಾವಾಗಿ ಹತ್ತಿ ಎಣಿಸಿದವರೇ ಅಲ್ಲ.

ತೆರೆದ ಪೈಪಿನೊಳಗೆ ನಟ್ಟೋ ಬೋಲ್ಟೋ ಬಿದ್ದರೆ ಟರ್ಬೊ ಕಥೆ ಮುಗಿಯಿತು ಎಂದು ಎಲ್ಲೋ ಓದಿದ್ದರು. ಬಾಯಿ ತೆರೆದಿದ್ದರೆ ಏನು ಮಾಡಬೇಕೆಂದು ಅವರಿಗೆ ಯಾರಾದರೂ ಹೇಳಿಕೊಡಬೇಕೇ? ಹತ್ತಿ, ಬ್ಯಾಂಡೇಜು ಬಟ್ಟೆ ಸೇರಿಸಿ ದಪ್ಪ ಉಂಡೆ ಕಟ್ಟಿ ತೂತು ತೂತಿಗೂ ತುರುಕಿದರು. ಎಂಜಿನ್ನು ನಾಲ್ಕು ಹಲ್ಲು ಒಟ್ಟಿಗೆ ಕೀಳಿಸಿಕೊಂಡವರಂತೆ ಪೆಚ್ಚಾಗಿ ಕೂತಿತು.

ಆಮೇಲೆ ತಿಳಿಯಿತು, ಹೊಸ ಇಂಟರ್‌ಕೂಲರಿಗೆ ಜಾಗ ಸಾಲದು. ಜಾಗ ಮಾಡಲು ಮುಂದಿನ ಬಂಪರ್ ಬಿಚ್ಚಿದರು. ಬಿಚ್ಚಿದ್ದನ್ನು ಒಳಗಿನಿಂದ ಕೊರೆದರು. ಕೊರೆದದ್ದು ವಾಪಸು ಕೂರಲಿಲ್ಲ. ಕೊನೆಗೆ ಹಲ್ಲಿನ ಸಂದು ತಿಕ್ಕುವ ನೂಲನ್ನೇ ಮಡಿಸಿ ಮಡಿಸಿ ಹುರಿಮಾಡಿ ಬಂಪರನ್ನು ಬಿಗಿದರು!

"ಏನ್ರೀ ಇದು, ಕಟ್ಟಿಸಿಕೊಂಡ ಹಲ್ಲಿನ ಹಾಗೆ ಅಲ್ಲಾಡ್ತಿದೆ," ಎಂದಳು ಹೆಂಡತಿ, ಕಾಫಿ ತಂದಿಟ್ಟು.

"ಅಲ್ಲಾಡ್ಲಿ. ಕಚ್ಚೋದು ಎಂಜಿನ್ನು, ಬಂಪರ್ ಅಲ್ಲ!"

ಹೊತ್ತು ಮುಳುಗುವಾಗ ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ನಡುಗಿತು, ಚಾಲೂ ಆಯಿತು. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದಾಗ ಎಂಜಿನ್ನಿನ ಎದೆಯಾಳದಿಂದ ಸಣ್ಣಗೆ, ಎಳೆ ಎಳೆಯಾಗಿ ಆ ಹಳೆಯ ಸಿಳ್ಳೆ ಎದ್ದಿತು. ಶೆಡ್ಡಿನ ತಗಡು ಗುನುಗಿತು. ಈ ಸದ್ದು ಇನ್ನೊಮ್ಮೆ ಕೇಳುತ್ತೇನೆ ಎಂದು ಡಾಕ್ಟರೇ ನಂಬಿರಲಿಲ್ಲ.

"ಕೇಳಿಸ್ತಾ?" ಎಂದು ಕೂಗಿದರು.

ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಮುಖ ಯಾಕೋ ಚಿಕ್ಕದಾಗಿತ್ತು.

ಭಾನುವಾರ ಸಂಜೆ ಮೂವರೂ ಹೊರಟರು. ಡಾಕ್ಟರು ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದರು. ಹೆಂಡತಿ ಪಕ್ಕದಲ್ಲಿ, ಭಾವಮೈದ ಹಿಂದೆ, ಅವನ ಕೈಯಲ್ಲಿ ಫೋನು. ಊರಿನ ಕೊನೆಯ ಮನೆ ದಾಟಿತು, ಏರು ಶುರುವಾಯಿತು. ಮೊದಲ ತಿರುವು ಸಲೀಸು. ಎರಡನೆಯದೂ ಸಲೀಸು!

"ಏನಯ್ಯಾ, ನಿನ್ನ ಗಿರಾಕಿ ಹೇಗಿದ್ದಾನೆ?" ಎಂದು ಡಾಕ್ಟರು ಕನ್ನಡಿಯಲ್ಲಿ ಭಾವಮೈದನನ್ನು ಕೆಣಕಿ, ಪಾದವನ್ನು ಪೂರ್ತಿ ಒತ್ತಿದರು.

ಢಮಾರ್!

ಬಾನೆಟ್ಟಿನೊಳಗೆ ಯಾರೋ ಪಟಾಕಿ ಹಚ್ಚಿದಂತಾಯಿತು. ಆಮೇಲೆ ಬುಸ್ಸ್ ಎಂದು ಉದ್ದನೆಯ ನಿಟ್ಟುಸಿರು. ಕಾರು ಎರಡು ಸಲ ಮುಗ್ಗರಿಸಿ, ಬಾಗಿದ ಮರವೊಂದರ ಕೆಳಗೆ, ಮೋಟುಗೋಡೆಯ ಪಕ್ಕದಲ್ಲಿ ನಿಂತಿತು. ನಿಂತ ರಭಸಕ್ಕೆ ನೂಲು ಹರಿದು ಬಂಪರ್ ದಡಕ್ಕನೆ ಕಳಚಿಬಿತ್ತು.

"ಭಾವ, ಹಲ್ಲು ಉದುರ್ತು!" ಎಂದ ಭಾವಮೈದ.

ಡಾಕ್ಟರು ಇಳಿದು ಬಾನೆಟ್ ಎತ್ತಿದರು. ನೀಲಿ ಪೈಪು ತನ್ನನ್ನು ಬಿಗಿದಿದ್ದ ಕ್ಲಾಂಪನ್ನು ಕಿತ್ತುಕೊಂಡು ಜಾಗ ಬಿಟ್ಟು ಎದ್ದಿತ್ತು. ಕ್ಲಾಂಪು ಎರಡು ತುಂಡು.

ಹೆಂಡತಿ ಪಕ್ಕಕ್ಕೆ ಬಂದು ನಿಂತಳು. "ಎಷ್ಟು ಉಂಡೆ ಇಟ್ಟಿದ್ರಿ?"

"ನಾಲ್ಕು."

"ಎಷ್ಟು ತೆಗೆದ್ರಿ?"

ಡಾಕ್ಟರು ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ಪೈಪಿನ ಗಂಟಲಿಗೆ ಹಿಡಿದರು. ಒಳಗೆ ಬೆಳ್ಳಗೆ ಏನೋ ಕಂಡಿತು. ಚಿಮಟ ಹಾಕಿ ಎಳೆದರು. ಬ್ಯಾಂಡೇಜು ಬಂತು, ಇನ್ನೂ ಬಂತು, ಬರುತ್ತಲೇ ಇತ್ತು! ಹೆಂಡತಿ ಅಭ್ಯಾಸದಂತೆ ಅಂಗೈ ಚಾಚಿದಳು. ಡಾಕ್ಟರು ಅಭ್ಯಾಸದಂತೆ ಅದರಲ್ಲಿಟ್ಟರು.

"ಗಾಳಿ ಹೋಗೋ ದಾರಿಗೇ ಬೆಣೆ ಹೊಡೆದಿದ್ದೀರಲ್ಲ ಭಾವ!" ಭಾವಮೈದ ಹೊಟ್ಟೆ ಹಿಡಿದುಕೊಂಡು ನಗುತ್ತಾ ಫೋನೆತ್ತಿದ. "ಹಾಗಾದ್ರೆ ಮಾತಿನಂತೆ..."

ಡಾಕ್ಟರು ಕಾರಿನ ನೆತ್ತಿಯ ಮೇಲೆ ಕೈಯಿಟ್ಟು ನಿಂತರು. "ಒಂದೇ ಉಸಿರಿಗೆ ಹತ್ತುತ್ತಿದ್ದ ಗಾಡಿ. ನನ್ನ ಕೈಯಾರೆ ಉಸಿರು ಕಟ್ಟಿಸಿಬಿಟ್ಟೆ," ಎಂದರು. ದನಿ ನಿಜಕ್ಕೂ ಒಡೆದಿತ್ತು.

"ಫೋನು ಒಳಗಿಡೋ," ಎಂದಳು ಹೆಂಡತಿ ತಮ್ಮನಿಗೆ. ಆಮೇಲೆ ಮೋಟುಗೋಡೆಯ ಧೂಳನ್ನು ಸೆರಗಿನಿಂದ ಒರೆಸಿ ಕೂತು, ಮೆಲ್ಲಗೆ ಕೇಳಿದಳು: "ಯಾವತ್ತು ಹತ್ತಿತ್ತು ರೀ ಇದು?"

"ಅಂದ್ರೆ?"

"ಮೊದಲಿಂದ್ಲೂ ಇಲ್ಲೇ ತಾನೆ ನಿಲ್ಲುತ್ತಿದ್ದದ್ದು? ಇದೇ ಮರದ ಕೆಳಗೆ. ಹೊಗೆ ಬರೋದು, ನೀವು ಬಾನೆಟ್ ಎತ್ತಿ ಪೇಪರಲ್ಲಿ ಗಾಳಿ ಬೀಸ್ತಾ ನಿಲ್ಲೋರು. ನಾನಿಲ್ಲಿ ಕೂತು ಹಾಡು ಹೇಳ್ತಿದ್ದೆ. ಎಂಜಿನ್ ತಣ್ಣಗಾಗೋ ಹೊತ್ತಿಗೆ ಕೆಳಗೆ ಊರಲ್ಲೆಲ್ಲ ದೀಪ ಹತ್ತಿರೋದು."

ಭಾವಮೈದನ ನಗು ನಿಂತಿತು. "ಮತ್ತೆ ಟ್ಯಾಂಕಿಗೆ ಹೋಗ್ತಿದ್ದದ್ದು?"

"ನಡ್ಕೊಂಡು!"

"ಅಯ್ಯೋ ಅಕ್ಕ! ಅಷ್ಟು ವರ್ಷ ಆ ಕಥೆಗೆ ಚಪ್ಪಾಳೆ ತಟ್ಟಿದ್ದೀನಲ್ಲೇ!"

"ನಾನೂ ತಟ್ಟಿದ್ದೀನಿ ಬಿಡೋ."

ಡಾಕ್ಟರ ಕಿವಿ ಆ ಕಾರಿನ ಮೊದಲ ಬಣ್ಣಕ್ಕೆ ತಿರುಗಿತ್ತು. "ಗೊತ್ತಿದ್ದೂ ಪಂದ್ಯ ಯಾಕೆ ಕಟ್ಟಿದೆ?"

"ಹಾಗಾದ್ರೂ ಒಂದ್ಸಲ ಇಲ್ಲಿಗೆ ಕರ್ಕೊಂಡು ಬರ್ತೀರಲ್ಲ ಅಂತ. ನೀವು ಇಲ್ಲಿಗೆ ಬರೋದು ಬಿಟ್ಟು ಎಷ್ಟು ವರ್ಷ ಆಯ್ತು! ನಿನ್ನೆ ಅದು ಸಿಳ್ಳೆ ಹೊಡೆದಾಗ ನನ್ನೆದೆ ಧಸಕ್ ಅಂತು ರೀ, ಎಲ್ಲಿ ನಿಜವಾಗ್ಲೂ ಹತ್ತಿಬಿಡುತ್ತೋ ಅಂತ!" ಅವಳು ತಮ್ಮನ ಕಡೆ ತಿರುಗಿದಳು. "ಇಷ್ಟು ವರ್ಷ ಆದ್ರೂ ಜಾಗ ಮರೆತಿಲ್ಲ ನೋಡು. ಇಂಥ ನಿಯತ್ತಿನ ಗಾಡೀನ ಮಾರ್ತಾರೇನೋ? ನೀನಿಲ್ಲೇ ಕಾವಲಿರು, ನಾವು ಟ್ಯಾಂಕು ನೋಡ್ಕೊಂಡು ಬರ್ತೀವಿ."

ಅಷ್ಟು ಹೇಳಿ ಅವಳು ಎದ್ದು ಏರು ಹತ್ತತೊಡಗಿದಳು.

ಡಾಕ್ಟರು ಭಾವಮೈದನನ್ನು ನೋಡಿದರು. ಅವನು ಆಕಾಶ ನೋಡಿದ. ಚಿಮಟವನ್ನು ಅವನ ಕೈಗೆ ತುರುಕಿ, "ಒಂದೇ ಒಂದು ಸಲ ಹತ್ತಿತ್ತು ಕಣೇ! ಮೋಡ ಮುಚ್ಚಿತ್ತಲ್ಲ ಆವತ್ತು, ನೀನು ಹೆದರಿ ಕಣ್ಣು ಮುಚ್ಕೊಂಡಿದ್ದೆ, ಅದಕ್ಕೇ ನಿಂಗೆ..." ಎನ್ನುತ್ತಾ, ತಿರುವಿನಲ್ಲಿ ಮರೆಯಾಗುತ್ತಿದ್ದ ಸೆರಗಿನ ಹಿಂದೆ ದಾಪುಗಾಲು ಹಾಕಿದರು.