ಅಜ್ಜನ ಒಪ್ಪಿಗೆ

ಅಂಗಡಿಯಿಂದ ತರಿಸಿದರೆ ಕಚೇರಿಗೆ ಬೇಕಾಗಿದ್ದ ಆ ಸಾಫ್ಟ್‌ವೇರ್ ಉಪಕರಣದ ವರ್ಷದ ಬಾಡಿಗೆ ಒಂದು ಸಣ್ಣ ಕಾರಿನ ಬೆಲೆಯಷ್ಟಾಗುತ್ತಿತ್ತು. ನಾವೇ ಮಾಡಿಕೊಂಡರೆ ಖರ್ಚೇ ಇಲ್ಲ ಎಂದು ಯಜಮಾನರು ಲೆಕ್ಕ ಹಾಕಿದರು. ಖರ್ಚೇ ಇಲ್ಲ ಎಂದರೆ ಅವರ ಕೈಯಿಂದ ಇಲ್ಲ ಎಂದರ್ಥ. ಗೇಟಣ್ಣನ ಲೆಕ್ಕವೇ ಬೇರೆ. ಅದಕ್ಕಾಗಿ ಒಂದು ಬೇಸಿಗೆಯ ಭಾನುವಾರಗಳಷ್ಟೂ ಹೋಗಿದ್ದವು, ಕನ್ನಡಕದ ಗಾಜು ಇನ್ನಷ್ಟು ದಪ್ಪವಾಗಿತ್ತು, ಹೆಂಡತಿ ಅವನೊಡನೆ ಮಾತು ಬಿಟ್ಟು ಬಾಗಿಲಿಗೆ ಚೀಟಿ ಅಂಟಿಸಲು ಶುರುಮಾಡಿದ್ದಳು.

ಗೇಟಣ್ಣ ಎನ್ನುವುದು ಕಚೇರಿಯವರು ಇಟ್ಟ ಹೆಸರು. ನೀರಿನ ಬಿಲ್ಲಿನ ಸಾಫ್ಟ್‌ವೇರ್ ಬರೆಯುವ ಕಚೇರಿ ಅದು. ಎಲ್ಲರ ಕೋಡೂ ಒಂದೇ ಉಗ್ರಾಣದಲ್ಲಿರುತ್ತಿತ್ತು. ಯಾವ ಸಾಲನ್ನು ಕೊನೆಗೆ ಮುಟ್ಟಿದವರು ಯಾರು ಎನ್ನುವುದನ್ನು ಆ ಉಗ್ರಾಣ, ಅತ್ತೆ ಸೊಸೆಯ ತಪ್ಪುಗಳನ್ನು ನೆನಪಿಟ್ಟ ಹಾಗೆ, ಒಂದೂ ಬಿಡದೆ ನೆನಪಿಡುತ್ತಿತ್ತು. ಹೊಸದಾಗಿ ಬರೆದದ್ದು ಒಳಗೆ ಹೋಗಬೇಕಾದರೆ ಬೇರೆ ಇಬ್ಬರು ಓದಿ ‘ಸರಿ’ ಅನ್ನಬೇಕು. ಓದುವುದು ಒಂದು ಕಡೆ, ಉಗ್ರಾಣ ಇನ್ನೊಂದು ಕಡೆ. ಎರಡರ ನಡುವೆ ‘ಸರಿ’ಗಳನ್ನು ಎಣಿಸಿ ಕೋಡನ್ನು ಕೈಯಾರೆ ಒಳಗೆ ಬಿಡುವ ಮನುಷ್ಯ ಇವನು. ಊಟಕ್ಕೆ ಕೂತರೂ ಕರೆ, ಸ್ನಾನಕ್ಕೆ ಹೋದರೂ ಕರೆ.

ಹೀಗೆ ಬಾಗಿಲು ಕಾಯುತ್ತಾ ಮಗಳ ಹಾಡಿನ ಕಾರ್ಯಕ್ರಮವನ್ನು ಎರಡು ಸಲ ತಪ್ಪಿಸಿಕೊಂಡಿದ್ದ. ಅವಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದಳು. ನಾಳೆ ಬೆಳಿಗ್ಗೆ ಮತ್ತೆ ಹಾಡುವವಳಿದ್ದಳು. ಸಂಜೆಯ ರೈಲಿಗೆ ಗಂಡ ಹೆಂಡತಿ ಇಬ್ಬರಿಗೂ ಟಿಕೆಟ್ ಆಗಿತ್ತು. “ಈ ಸಲ ಬರ್ದಿದ್ರೆ ಮುಂದಿನ ಸಲ ಹೇಳಲ್ಲ ಬಿಡಪ್ಪ” ಎಂದು ಮಗಳು ಫೋನಿನಲ್ಲಿ ಸಿಟ್ಟಿಲ್ಲದೆ ಹೇಳಿದ್ದಳು.

ಈ ಬಾಗಿಲು ಕಾಯುವುದು ತಪ್ಪಲೆಂದೇ ಅವನು ಆ ಉಪಕರಣವನ್ನು, ‘ಸೇತುವೆ’ಯನ್ನು, ಕಟ್ಟಿದ್ದ. ಓದುಗರಿಬ್ಬರನ್ನು ಅದೇ ಹುಡುಕುತ್ತದೆ, ಅವರ ‘ಸರಿ’ಗಳನ್ನು ಅದೇ ಪಡೆಯುತ್ತದೆ, ಕೋಡನ್ನು ಉಗ್ರಾಣಕ್ಕೆ ಅದೇ ಸೇರಿಸುತ್ತದೆ. ಯಜಮಾನರದು ಒಂದೇ ಷರತ್ತು: ಸೇತುವೆ ತನ್ನದೇ ಕೋಡಿನ ಕೊನೆಯ ಭಾಗವನ್ನು ತಾನೇ ದಾಟಿಸಿ ತೋರಿಸಬೇಕು, ಆಮೇಲೆ ರಜೆ. ಅಡ್ಡದಾರಿ ಇರಕೂಡದು ಎಂದೂ ಅವರು ಹೇಳಿದ್ದರಿಂದ ಗೇಟಣ್ಣ ಕೈಯಾರೆ ಕೋಡು ಬಿಡುವ ಹಳೆಯ ಬಾಗಿಲನ್ನು ಹಿಂದಿನ ದಿನವೇ ಮುಚ್ಚಿ ಹಾಕಿದ್ದ.

ಬೆಳಿಗ್ಗೆ ಬಂದವನೇ ಗುಂಡಿ ಒತ್ತಿದ. ಸೇತುವೆ ಮೊದಲ ಓದಿಗೆ ಹುಳದಕ್ಕನನ್ನು ಆರಿಸಿತು. ಕೋಡಿನಲ್ಲಿ ಹುಳುಕು ಹುಡುಕುವುದೇ ಅವಳ ಕೆಲಸ. ಅವಳು ಕಾಫಿ ಕುಡಿಯುತ್ತಲೇ ಓದಿ ‘ಸರಿ’ ಅಂದಳು. ಎರಡನೆಯ ಓದುಗನ ಹೆಸರು ಪರದೆಯ ಮೇಲೆ ಮೂಡಿತು. ಅಜ್ಜ.

ಕಚೇರಿಯವರೆಲ್ಲ ಅಜ್ಜ ಎನ್ನುತ್ತಿದ್ದ ಆ ಹಿರಿಯರು ತೀರಿಕೊಂಡು ಆರು ತಿಂಗಳಾಗಿತ್ತು.

ತಪ್ಪು ಯಾರದೂ ಅಲ್ಲ. ಹೊಸ ಕೋಡು ಯಾವ ಹಳೆಯ ಸಾಲುಗಳ ಪಕ್ಕಕ್ಕೆ ಹೋಗುತ್ತದೋ ಆ ಸಾಲುಗಳನ್ನು ಕೊನೆಗೆ ಮುಟ್ಟಿದವರೇ ಅದನ್ನು ಓದಲು ತಕ್ಕವರು ಎಂದು ಗೇಟಣ್ಣನೇ ಸೇತುವೆಗೆ ಕಲಿಸಿದ್ದ. ಉಗ್ರಾಣದ ಮುಕ್ಕಾಲು ಪಾಲು ಅಜ್ಜ ಬರೆದದ್ದು. ಮತ್ತೆ ಅಜ್ಜನ ಖಾತೆ ಇನ್ನೂ ತೆರೆದೇ ಇತ್ತು. ಖಾತೆಗಳ ಉಸ್ತುವಾರಿ ನೋಡುವ ಬೀಗದವನನ್ನು ಕೇಳಿದರೆ, ಮುಚ್ಚಲು ಖಾತೆದಾರರ ಒಪ್ಪಿಗೆ ಬೇಕು ಅಂದ. “ಅವ್ರು ಬಂದು ಹೂಂ ಅಂದ್ರೆ ಈಗ್ಲೇ ಮುಚ್ತೀನಪ್ಪ. ನಂದೇನೂ ತಕರಾರಿಲ್ಲ.”

ಓದುಗನನ್ನು ಬದಲಾಯಿಸೋಣವೆಂದರೆ ಸೇತುವೆಯನ್ನು ತಿದ್ದಬೇಕು. ತಿದ್ದಿದ್ದು ಸೇತುವೆ ದಾಟಬೇಕು. ದಾಟಲು ಅಜ್ಜ ಓದಬೇಕು. ಗೇಟಣ್ಣ ತಾನೇ ಹೊಲಿದ ಚೀಲದೊಳಗೆ ಕೂತು ಅದರ ಬಾಯಿ ಕಟ್ಟಿಕೊಂಡ ಬೆಕ್ಕಿನಂತಾದ.

ಅಷ್ಟರಲ್ಲಿ ಪರದೆಯಲ್ಲಿ ‘ಟಿಣ್’ ಎಂದಿತು. ಅಜ್ಜನ ಹೆಸರಿನ ಕೆಳಗೆ ಒಂದು ಸಾಲು ಬಂದಿತ್ತು.

‘ಸಾಲುಗಳು ಸೊಟ್ಟಗಿವೆ.’

ಹುಳದಕ್ಕನ ಕೈಯ ಲೋಟ ಮೇಜಿನ ಮೇಲೆ ಕೂತಿತು, ಅವಳು ನಿಂತಳು. ಇಬ್ಬರೂ ಮೂಲೆಯ ಕಡೆ ನೋಡಿದರು. ಕಿಟಕಿಯ ಬೆಳಕು ಮುಟ್ಟದ ಆ ಮೂಲೆಯಲ್ಲಿ ಅಜ್ಜನ ಮೇಜು ಹಾಗೇ ಇತ್ತು. ಮೇಲೆ ಏನೂ ಇಲ್ಲ. ಕುರ್ಚಿಯ ಮೆತ್ತೆಯಲ್ಲಿ ಅವರು ಕೂತ ಗುಳಿ ಮಾತ್ರ ಇನ್ನೂ ತುಂಬಿಕೊಂಡಿರಲಿಲ್ಲ. ಜಾಗಕ್ಕೆ ಬರವಿದ್ದರೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ನೀರಿಗೆ ಹೋಗುವವರು ಆ ಮೇಜನ್ನು ದೂರದಿಂದ ಬಳಸಿಕೊಂಡು ಹೋಗುತ್ತಿದ್ದರು.

ಬದುಕಿದ್ದಾಗ ಅಜ್ಜ ಹೀಗೇ ಇದ್ದರು. ಎದುರಿಗೆ ಮಾತಿಲ್ಲ, ಪರದೆಯಲ್ಲಿ ಒಂದೇ ಸಾಲು. ಅದನ್ನು ಓದಿದವರು ತಮ್ಮ ಕೋಡನ್ನು ಬುಡದಿಂದ ಜಾಲಾಡಿ ಏನಾದರೊಂದು ತಪ್ಪು ಹಿಡಿದೇ ಏಳುತ್ತಿದ್ದರು. ಅವರ ಕಣ್ಣಿಗೆ ಕಾಣದ್ದಿಲ್ಲ ಎಂದು ಹೊಸಬರಿಗೆ ಹೇಳಿ ಹೆದರಿಸುವುದು ಕಚೇರಿಯ ವಾಡಿಕೆ.

ಬೀಗದವನು ಬಂದು ಯಾರೋ ಕಳ್ಳರು ಒಳಗೆ ಹೊಕ್ಕಿರಬೇಕೆಂದು ಧೈರ್ಯ ಹೇಳಿದ. ಆಮೇಲೆ ತನ್ನ ಯಂತ್ರದಲ್ಲಿ ಏನನ್ನೋ ನೋಡಿ ಮುಖ ಸಣ್ಣ ಮಾಡಿಕೊಂಡ. ಸಾಲು ಹೊರಗಿನಿಂದ ಬಂದದ್ದಲ್ಲ. ಈ ಕೋಣೆಯೊಳಗಿಂದಲೇ, ಅಜ್ಜನ ಯಂತ್ರದಿಂದಲೇ ಬಂದಿತ್ತು. ಅಜ್ಜನ ಮೇಜಿನ ಮೇಲೆ ಯಂತ್ರವೇ ಇರಲಿಲ್ಲ.

“ತಿದ್ದಿಬಿಡು ಮಾರಾಯ” ಎಂದಳು ಹುಳದಕ್ಕ ಮೆಲ್ಲಗೆ. “ಇದ್ದಾಗ್ಲೇ ಎದುರಾಡ್ಲಿಲ್ಲ. ಈಗ ಆಡ್ತೀಯಾ?”

ಗೇಟಣ್ಣ ಎದುರಾಡಲಿಲ್ಲ. ಯಾವ ಸಾಲು ಸೊಟ್ಟ ಎಂದು ಅಜ್ಜ ಹೇಳಿರಲಿಲ್ಲವಾದ್ದರಿಂದ ಹೆದರಿಕೆಯಲ್ಲಿ ಉಗ್ರಾಣದ ಸಾಲುಗಳನ್ನೆಲ್ಲ ಒಂದೇ ಏಟಿಗೆ ಅಂಚು ಸರಿಸಿ ನೇರ ಮಾಡಿ, ಅದನ್ನೂ ಸೇರಿಸಿ ಕಳಿಸಿದ. ಅದಕ್ಕೊಂದು ಆಜ್ಞೆ ಇದೆ, ಗುಂಡಿ ಒತ್ತಿದರೆ ಸಾಕು.

ಕಚೇರಿಯವರೆಲ್ಲ ಕೆಲಸ ಬಿಟ್ಟು ಅವನ ಬೆನ್ನ ಹಿಂದೆ ಗುಂಪುಗೂಡಿದ್ದರು. ಮಧ್ಯಾಹ್ನ ಮೋಡ ಕವಿದು ಕೋಣೆ ಮಬ್ಬಾಯಿತು, ದೀಪ ಹಾಕಲು ಯಾರೂ ಏಳಲಿಲ್ಲ. ‘ಟಿಣ್.’

‘ಓದದೆ ಸರಿ ಅಂದರೆ?’

ಹುಳದಕ್ಕ ನೆಲ ನೋಡಿದಳು. ಬೆಳಿಗ್ಗೆ ಕಾಫಿ ಕುಡಿಯುತ್ತಾ ತಾನು ಓದಿದ್ದು ಮೊದಲ ಪುಟ ಮಾತ್ರ ಎಂದು ಯಾರೂ ಕೇಳದೆ ಒಪ್ಪಿಕೊಂಡಳು. ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವರೂ ಅದೇ ಜಾತಿಯ ಓದುಗರೇ.

ಗೇಟಣ್ಣ ಹಣೆ ಒರೆಸಿಕೊಂಡು ಸೇತುವೆಗೆ ಹೊಸ ನಿಯಮ ಬರೆದ. ಓದುವವರು ಪ್ರತಿ ಸಾಲನ್ನೂ ಕಣ್ಣ ಮುಂದೆ ತಂದುಕೊಂಡು ನಿಂತು ಓದಿರಬೇಕು, ಇಲ್ಲವಾದರೆ ಅವರ ‘ಸರಿ’ ಸರಿಯಲ್ಲ. ಯಂತ್ರದ ಕೈಲಿ ಹೇಳಿಸಿದ ‘ಸರಿ’ ಅಂತೂ ಲೆಕ್ಕಕ್ಕೇ ಇಲ್ಲ. ಈ ಕಂತು ಒಳಗೆ ಹೋದ ಕ್ಷಣದಿಂದ ನಿಯಮ ಜಾರಿ. ಬರೆದು ಕಳಿಸಿದ.

ಆಗ ಯಜಮಾನರು ಬಂದರು. ತೀರಿಹೋದವರು ಕೆಲಸ ಮಾಡುತ್ತಿದ್ದಾರೆಂದು ನಾಲ್ಕು ಜನ ಒಟ್ಟಿಗೆ ಹೇಳಿದರು. ಯಜಮಾನರು ಒಂದು ಗಳಿಗೆ ಯೋಚಿಸಿ, “ಸಂಬಳ ಏನಾದ್ರೂ ಕೇಳಿದ್ರಾ?” ಎಂದರು. ಇಲ್ಲವೆಂದ ಮೇಲೆ, ಹಾಗಿದ್ದರೆ ಮುಂದುವರಿಯಲಿ, ನಾಳೆ ಬೆಳಿಗ್ಗೆ ಊರಿಗೆಲ್ಲ ಬಿಲ್ಲು ಹೋಗಬೇಕು ಎಂದು ನೆನಪಿಸಿ ಅಲ್ಲೇ ನಿಂತರು.

‘ಇನ್ನೊಮ್ಮೆ ಯೋಚಿಸು’ ಎಂದಿತು ಪರದೆ.

ಗೇಟಣ್ಣ ಯೋಚಿಸಿದ. ರೈಲು ಹೊರಡಲು ಹೆಚ್ಚು ಹೊತ್ತಿರಲಿಲ್ಲ. ಹೆಂಡತಿ ಆಗಲೇ ನಿಲ್ದಾಣ ಸೇರಿದ್ದಳು. ಗುಂಪು ಉಸಿರು ಹಿಡಿದ ಆ ನಿಶ್ಶಬ್ದದಲ್ಲಿ ಮೂಲೆಯಿಂದ ಒಂದು ಗುಂಯ್ ಎನ್ನುವ ಸದ್ದು ಅವನಿಗೆ ಕೇಳಿಸಿತು. ನಿದ್ದೆಯಲ್ಲಿ ಯಾರೋ ಮುಲುಕಿದ ಹಾಗೆ. ಅವನು ಎದ್ದು ನಡೆದು, ಅಜ್ಜನ ಮೇಜಿನಡಿ ಮಂಡಿಯೂರಿದ. ಪಕ್ಕದ ಗೋಡೆಬೀರುವಿನ ಬಾಗಿಲು ಬೆಚ್ಚಗಿತ್ತು.

ತೆಗೆದರೆ ಖಾಲಿ ಡಬ್ಬಗಳ ಹಿಂದೆ ಒಂದು ಹಳೆಯ ಯಂತ್ರ, ಧೂಳು ಹೊದ್ದು, ಹಸಿರು ದೀಪ ಮಿಟುಕಿಸುತ್ತಾ ಒಬ್ಬಂಟಿಯಾಗಿ ಓಡುತ್ತಿತ್ತು.

ಬೀಗದವನು ಅದಕ್ಕೆ ಪರದೆ ಜೋಡಿಸಿದ. ಒಳಗಿದ್ದದ್ದು ಅಂಗೈ ಅಗಲದ ಒಂದು ಕೋಡು. ಯಾರು ಏನು ಕಳಿಸಿದರೂ ಸ್ವಲ್ಪ ಹೊತ್ತು ಕಾದು, ‘ಸಾಲುಗಳು ಸೊಟ್ಟಗಿವೆ’ ಅನ್ನು. ತಿದ್ದಿ ಕಳಿಸಿದರೆ, ‘ಓದದೆ ಸರಿ ಅಂದರೆ?’ ಅನ್ನು. ಮತ್ತೆ ಕಳಿಸಿದರೆ, ‘ಇನ್ನೊಮ್ಮೆ ಯೋಚಿಸು.’ ಆಮೇಲೂ ಬಂದರೆ, ‘ಸರಿ.’ ಅಷ್ಟೇ. ಅಜ್ಜ ಒಂದು ಸಾಲನ್ನೂ ಓದುತ್ತಿರಲಿಲ್ಲ.

ಯಾರೂ ನಗಲಿಲ್ಲ. ಆ ಮೂರನೆಯ ಮಾತಿಗೆ ಹೆದರಿ ತಾನು ಎರಡು ಸಲ ಕೆಲಸ ಬಿಡಲು ಹೊರಟಿದ್ದೆ ಎಂದು ಹುಳದಕ್ಕ ಗೋಡೆಗೆ ಹೇಳಿಕೊಂಡಳು. “ಅದಕ್ಕೇ ಐದು ಗಂಟೆಗೆ ಸರಿಯಾಗಿ ಮನೆಗೆ ಹೋಗ್ತಿದ್ರು” ಎಂದ ಬೀಗದವನು.

ಗೇಟಣ್ಣ ಓಡಿ ಬಂದು ಒಂದಕ್ಷರವನ್ನೂ ಬದಲಿಸದೆ ಮತ್ತೆ ಕಳಿಸಿದ. ಮೂಲೆಯ ಯಂತ್ರ ಗುಂಯ್ ಅಂದಿತು. ‘ಸರಿ’ ಬಂತು. ಸೇತುವೆ ತನ್ನನ್ನು ತಾನೇ ದಾಟಿಸಿಕೊಂಡಿತು. ಯಜಮಾನರು ಕೈಕುಲುಕಿ, ರಜೆ ಕೊಟ್ಟೆ, ಹೊರಡಿ ಎಂದರು. ಅವನು ಚೀಲ ಹೆಗಲಿಗೇರಿಸಿದ.

‘ಟಿಣ್’ ಎಂದಿತು. ಮತ್ತೆ ‘ಟಿಣ್.’ ಆಮೇಲೆ ನಿಲ್ಲಲೇ ಇಲ್ಲ.

ಬೆಳಗಿನಿಂದ ತಡೆದಿದ್ದ ಎಲ್ಲರ ಕೋಡೂ ಈಗ ಸೇತುವೆಗೆ ಬಂದಿತ್ತು. ಪ್ರತಿಯೊಂದಕ್ಕೂ ಇಬ್ಬರು ಓದುಗರ ಜಾಗದಲ್ಲೂ ಹೆಸರು ಒಂದೇ: ಗೇಟಣ್ಣ. ಅವನು ಚೀಲ ಇಳಿಸದೆಯೇ ನೋಡಿದ, ನೋಡುತ್ತಾ ಅರ್ಥವಾಯಿತು. ಉಗ್ರಾಣದ ಸಾಲುಗಳನ್ನೆಲ್ಲ ನೇರ ಮಾಡಿದವನು ಅವನೇ. ಈಗ ಪ್ರತಿ ಸಾಲನ್ನೂ ಕೊನೆಗೆ ಮುಟ್ಟಿದವನು ಅವನೊಬ್ಬನೇ. ಅಜ್ಜನ ಹೆಸರು ಎಲ್ಲಿಯೂ ಇರಲಿಲ್ಲ, ಬೇರೆ ಯಾರದೂ ಇರಲಿಲ್ಲ.

ಅಜ್ಜನ ಕೋಡನ್ನು ತನ್ನ ಹೆಸರಿಗೆ ಮಾಡಿಕೊಂಡು ಓಡಿಸಿ ನೋಡಿದ. ಸೇತುವೆ ಅದನ್ನು ತಳ್ಳಿ ಹಾಕಿತು. ಯಂತ್ರದ ಉತ್ತರ ಲೆಕ್ಕಕ್ಕಿಲ್ಲ, ಪ್ರತಿ ಸಾಲನ್ನೂ ನಿಂತು ಓದಿ ಎಂದು ಅವನದೇ ಮಾತಿನಲ್ಲಿ ಹೇಳಿತು. ಆ ನಿಯಮವನ್ನು ತೆಗೆಯೋಣವೆಂದರೆ ತೆಗೆದದ್ದನ್ನು ಬೇರೊಬ್ಬರು ಓದಬೇಕು. ಬೇರೊಬ್ಬರೇ ಉಳಿದಿರಲಿಲ್ಲ.

ಯಜಮಾನರು ಗಡಿಯಾರ ನೋಡಿದರು. “ಬಿಲ್ಲು ಬೆಳಿಗ್ಗೆ ಹೋಗ್ಲೇಬೇಕು. ಓದಿ ಮುಗಿಸಿ ಆರಾಮಾಗಿ ಹೊರಡಿ” ಎಂದು ಮನೆಗೆ ಹೋದರು.

ಹೆಂಡತಿ ಪ್ಲಾಟ್‌ಫಾರಂನಿಂದ ಫೋನ್ ಮಾಡಿದಳು. ಅವನು ವಿವರಿಸಲು ಹೋದ. ಅವಳು ಕೊನೆಯವರೆಗೂ ಕೇಳಿ, “ಅವಳಿಗೆ ನಾನೇ ಹೇಳ್ತೀನಿ ಬಿಡಿ” ಎಂದಳು. ಹಿಂದೆ ರೈಲಿನ ಕೂಗು ಕೇಳಿಸಿತು, ಕರೆ ಕಡಿಯಿತು.

ಹೊರಡುವಾಗ ಹುಳದಕ್ಕ ಅವನ ಮೇಜಿನವರೆಗೆ ಬರಲಿಲ್ಲ, ಎರಡು ಮಾರು ದೂರದಲ್ಲೇ ನಿಂತಳು. ಬೆಳಿಗ್ಗೆ ಮಾರಾಯ ಎಂದಿದ್ದವಳು ಈಗ ದನಿ ತಗ್ಗಿಸಿ, “ನಂದು ಕೊನೇಲಿ ನೋಡಿದ್ರೂ ಪರವಾಗಿಲ್ಲ, ನೀವು ನಿಧಾನಕ್ಕೆ ನೋಡಿ ಸಾರ್” ಎಂದಳು. ಅವನ ಮುಖ ನೋಡದೆ, ಅವನ ಕುರ್ಚಿಯನ್ನು ದೂರದಿಂದ ಬಳಸಿಕೊಂಡು ಹೋದಳು. ಅವಳ ಹಿಂದೆ ಬಂದವರೂ ಹಾಗೇ ಬಳಸಿಕೊಂಡು ಹೋದರು.

ಕಂಪನಿಗೆ ಉಪಕರಣ ಸಿಕ್ಕಿತು. ಅವನಿಗೆ ಬಾಗಿಲು ಕಾಯುವ ಕೆಲಸ ತಪ್ಪಿ ಓದುವ ಕೆಲಸ ಬಂತು. ಮಗಳ ಹಾಡು ಈ ಸಲವೂ ಹೋಯಿತು.