ಪೋಲ್ಕ್ ಮಾಪನ

ಎಲ್ಲ ಅನಾಹುತಕ್ಕೂ ಮೂಲ ‘ಮರುಮೌಲ್ಯ’ ಎಂಬ ಪದ. ಫಲಕಕ್ಕೆ ಅದು ಉದ್ದವಾಯಿತೆಂದು ವನಜಾಕ್ಷಿ ಕತ್ತರಿಸಿಬಿಟ್ಟಳು.

೧೯೮೮ರ ನವೆಂಬರ್. ಅಮೆರಿಕದಲ್ಲಿ ಚುನಾವಣೆಯ ಗದ್ದಲ. ನಾಗಪುರದ ಧರಮಪೇಠದಲ್ಲಿ, ಗುರುಸಿದ್ದಪ್ಪನ ಒಂದೇ ಖೋಲಿಯಲ್ಲಿ ನಿಶ್ಶಬ್ದ. ಧಾರವಾಡದಿಂದ ವರ್ಗವಾಗಿ ಬಂದ ಈ ಒಂಟಿ ಗುಮಾಸ್ತನ ಮನೆಯಲ್ಲಿ ಎರಡನೇ ಚಹಾ ಕಪ್ಪೇ ಇರಲಿಲ್ಲ. ಎಲ್ಲರೂ ಮರೆತ ಅಮೆರಿಕದ ಅಧ್ಯಕ್ಷ ಜೇಮ್ಸ್ ಪೋಲ್ಕ್ ಬಗ್ಗೆ ಅವನು ಗಡ್ಡ ಹೆರೆಯುತ್ತ ಕನ್ನಡಿಗೆ ಭಾಷಣ ಮಾಡುತ್ತಿದ್ದ. ಕನ್ನಡಿ ಎದುರುತ್ತರ ಕೊಡುತ್ತಿರಲಿಲ್ಲ, ಎದ್ದೂ ಹೋಗುತ್ತಿರಲಿಲ್ಲ.

ಕೊನೆಗೆ ಕನ್ನಡ ಸಂಘ ಅವನ ಭಾಷಣಕ್ಕೆ ಒಂದು ಭಾನುವಾರ ದಯಪಾಲಿಸಿತು. ‘ಪೋಲ್ಕ್: ಮರುಮೌಲ್ಯಮಾಪನ’ ಎಂದು ಬರೆದುಕೊಟ್ಟ. ಮರಾಠಿ ಶಾಲೆಯಲ್ಲಿ ಕಲಿತ ಕಾರ್ಯದರ್ಶಿ ವನಜಾಕ್ಷಿ ಅದನ್ನು ಫಲಕದ ಮೇಲೆ ‘ಪೋಲ್ಕಾ ಮಾಪನ’ ಮಾಡಿದಳು. ಮರಾಠಿಯಲ್ಲಿ ಪೋಲ್ಕಾ ಅಂದರೆ ಕುಪ್ಪಸ, ಮಾಪ ಅಂದರೆ ದರ್ಜಿಯ ಅಳತೆ. ದರ್ಜಿಯೇ ಸಂಘಕ್ಕೆ ಬರುತ್ತಾನೆಂದರೆ ಹೆಂಗಸರಿಗೆ ಇನ್ನೇನು ಬೇಕು?

ಫಲಕ ನೋಡದೆ ಒಳಬಂದ ಗುರುಸಿದ್ದಪ್ಪ ಬೆರಗಾದ. ಸಭಾಂಗಣ ಭರ್ತಿ! ಎಲ್ಲರ ಕೈಯಲ್ಲೂ ಬಟ್ಟೆ ತುಂಬಿದ ಪಿಶವಿ. ಅವನ ದನಿ ನೆಂಟರನ್ನು ಕಂಡ ನಾಯಿಮರಿಯ ಬಾಲದಂತೆ ನಡುಗಿತು.

“ಪೋಲ್ಕ್ ಇದ್ದದ್ದು ನಾಲ್ಕೇ ವರ್ಷ!”

“ನಾಲ್ಕ್ ವರ್ಷ? ನಂದು ಎರಡು ಸಲ ಒಗದ್ರ ಹರೀತೈತ್ರಿ,” ಮುಂದಿನ ಸಾಲಿನ ಜಯವ್ವ ನಿಟ್ಟುಸಿರಿಟ್ಟಳು.

“ಅಷ್ಟರಾಗ ಗಡಿ ಎಷ್ಟು ಅಗಲ ಮಾಡಿದ!”

“ನಂದೂ ಅಗಲ ಆಗಬೇಕ್ರಿ. ಜಲ್ದಿ ಟೇಪ್ ತಗೀರಿ ಮಾಸ್ತರ!”

“ಖರೆ, ಮೆಕ್ಸಿಕೋದ ನೆಲ ಕಸಕೊಂಡ, ಗುಲಾಮರನ್ನ ಇಟ್ಕೊಂಡಿದ್ದ. ಪೋಲ್ಕ್ ಮ್ಯಾಲೆ ಆ ಕಲೆ ಐತಿ!”

“ಸೋಡಾದಾಗ ನೆನಸ್ರಿ, ಹೋಗತೈತಿ,” ಎಂದು ಜಯವ್ವ ಪಿಶವಿಯಿಂದ ತನ್ನ ಪೋಲ್ಕಾ ಎಳೆದಳು.

ಗುರುಸಿದ್ದಪ್ಪನಿಗೆ ಆಗ ತಿಳಿಯಿತು. “ತಾಯಂದಿರಾ, ನಾ ದರ್ಜಿ ಅಲ್ರಿ. ಪೋಲ್ಕ್ ಅಂದ್ರ ಅಮೆರಿಕದ ಅಧ್ಯಕ್ಷ!”

“ಅಯ್ಯ, ಸತ್ತಾವನ ಸುದ್ದಿಗೆ ಅಡಗಿ ಬಿಟ್ಟು ಬಂದೇವಲ್ಲ!” ಎಂದು ಜಯವ್ವ ಎದ್ದಳು. ಹಿಂದೆಯೇ ಸಭೆಯೂ ಎದ್ದಿತು.

ಕೊನೆಯ ಸಾಲಿನಲ್ಲಿ ಮುದುಕಿ ಸಾವಿತ್ರೆವ್ವ ಮಾತ್ರ ಉಳಿದಳು. ಒಬ್ಬಳಾದರೇನು? ಗುರುಸಿದ್ದಪ್ಪ ಅವಳಿಗೇ ಎಲ್ಲ ಹೇಳಿದ: ಒಂದೇ ಅವಧಿ ಸಾಕೆಂದು ಮಾತು ಕೊಟ್ಟದ್ದು, ಮಾತಿನಂತೆ ಕುರ್ಚಿ ಬಿಟ್ಟದ್ದು, ಬಿಟ್ಟ ಕೆಲವೇ ತಿಂಗಳಲ್ಲಿ ಸತ್ತದ್ದು, ಮಕ್ಕಳಿಲ್ಲದ್ದು, ಜನ ಮರೆತದ್ದು. ಪ್ರತಿ ಮಾತಿಗೂ ಅವಳು ತಲೆದೂಗಿದಳು. ಕನ್ನಡಿ ಎಂದೂ ತಲೆದೂಗಿರಲಿಲ್ಲ.

ಅವನು ಕಣ್ತುಂಬಿ ವೇದಿಕೆ ಇಳಿದ. “ಏನಾರ ಕೇಳೂದೈತೇನ್ರಿ, ಅವ್ವಾರ?”

“ಜೋರಾಗಿ ಹೇಳಪಾ, ನನಗ ಕಿವಿ ಕೇಳೂದಿಲ್ಲ,” ಎಂದ ಸಾವಿತ್ರೆವ್ವ ಒಂದು ಪೋಲ್ಕಾ ಅವನ ಕೈಗಿಟ್ಟಳು. “ತೋಳು ಒಂದೀಟು ಸಡಲ ಮಾಡು.”

ಗುರುಸಿದ್ದಪ್ಪ ಖಾಲಿ ಕುರ್ಚಿಗಳನ್ನು ನೋಡಿದ. ಪೋಲ್ಕಾವನ್ನು ಭಾಷಣದ ಹಾಳೆಯಲ್ಲಿ ಸುತ್ತಿಕೊಂಡ.

“ಮುಂದಿನ ಐತವಾರ ಮನೀಗೆ ಬರ್ರಿ!” ಎಂದು ಅವಳ ಕಿವಿಯಲ್ಲಿ ಕೂಗಿದ.

ದಾರಿಯಲ್ಲಿ ಸೂಜಿ, ದಾರ ಕೊಂಡ. ಇನ್ನೊಂದು ಚಹಾ ಕಪ್ಪನ್ನೂ.