ಮನೆಗೆ ಬಂದ ಕಳೆ

ತಾಲ್ಲೂಕು ಕಚೇರಿಯಲ್ಲಿ ಕೂತು ದಿನಕ್ಕೆ ನೂರು ಜನರ ಪಹಣಿ ಪ್ರಿಂಟ್ ತೆಗೆದುಕೊಡುವ ನನ್ನ ಹೆಸರಿನಲ್ಲಿ ಒಂದು ಗುಂಟೆ ಜಮೀನೂ ಇಲ್ಲ. ಶಿಕಾರಿಪುರದ ನಮ್ಮ ಮನೆಯ ಮುಂದೆ ಇಪ್ಪತ್ತು ಅಡಿಗೆ ಹದಿನೈದು ಅಡಿಯ ಹುಲ್ಲುಹಾಸು ಒಂದಿತ್ತು, ಅದೂ ಅವ್ವನದು. ನರ್ಸರಿಯಿಂದ ತಂದು, ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತು, ಮಗನಿಗಿಂತ ಮುತುವರ್ಜಿಯಿಂದ ಬೆಳೆಸಿದ್ದಳು. (ಫಲಿತಾಂಶವೂ ಮಗನಿಗಿಂತ ಚೆನ್ನಾಗಿಯೇ ಬಂದಿತ್ತು.)

ಅದನ್ನು ಹಾಳು ಮಾಡಿದ್ದು ಪ್ರೇಮ. ಸೊರಬದ ಕಡೆಯ ಕುಪ್ಪಗಡ್ಡೆಗೆ ಹೋಗಿ ನಾಗಶ್ರೀ ಎಂಬ ಹುಡುಗಿಯನ್ನು ನೋಡಿ ಬಂದಿದ್ದೆವು. ನಾನು ಒಪ್ಪಿದ್ದೆ. ಆಶ್ಚರ್ಯವೆಂದರೆ ಅವಳೂ ಒಪ್ಪಿದ್ದಳು. ಅವಳ ಹಿರಿಯರು ನಮ್ಮ ಮನೆ ನೋಡಿ ಹೂಂ ಅನ್ನುವುದೊಂದು ಬಾಕಿ. ಭತ್ತದ ನಾಟಿ ಮುಗಿಸಿ ಬರುತ್ತೇವೆ ಎಂದಿದ್ದರು. ಈ ನಡುವೆ ಅವಳು ಫೋನಿನಲ್ಲಿ, "ನಂಗೆ ಹೂವು ಅಂದ್ರೆ ಪ್ರಾಣ ಕಣ್ರೀ" ಅಂದಳು. ಅದೇ ವಾರ ನಾನೊಂದು ವಿಡಿಯೊ ನೋಡಿದೆ. ಯಾವುದೋ ದೇಶದ ದಂಪತಿ ಹುಲ್ಲುಹಾಸು ಅಗೆದು ಕಾಡುಹೂವಿನ ಬಯಲು ಮಾಡಿದ್ದರು. ಜೇನು, ಚಿಟ್ಟೆ, ನಡುವೆ ನಗುತ್ತಾ ನಿಂತ ಹೆಂಡತಿ. ನನ್ನ ಕಣ್ಣಿಗೆ ಹೆಂಡತಿಯೊಬ್ಬಳೇ ಬಿದ್ದಳು.

ಅವ್ವ ತವರಿಗೆ ಹೋದದ್ದೇ ತಡ, ಗುದ್ದಲಿ ಹಿಡಿದೆ. ಅಂಜನಾಪುರದ ಕೆರೆ ಏರಿಯ ಮೇಲಿಂದ ತುಂಬೆ, ಅಣ್ಣೆಸೊಪ್ಪು, ಹೆಸರೇ ಗೊತ್ತಿಲ್ಲದ ಇನ್ನೂ ಎಂಟು ಬಗೆಯ ಗಿಡಗಳನ್ನು ಬೇರುಸಹಿತ ಬೈಕಿನಲ್ಲಿ ಹೇರಿ ತಂದೆ. ಯಾರೂ ನೆಡದೆ ತಾವಾಗಿ ಬೆಳೆಯುವ ಗಿಡಗಳನ್ನು ಮೂರು ದಿನ ರಜೆ ಹಾಕಿ, ನಡು ಮುರಿಯುವಂತೆ ನೆಟ್ಟೆ.

ಅವ್ವ ವಾಪಸು ಬಂದವಳು ಗೇಟಿನಲ್ಲೇ ನಿಂತಳು.

"ಏನೋ ಇದು?"

"ಕಾಡುಹೂವು ಅವ್ವ. ನೀರು ಬ್ಯಾಡ, ಗೊಬ್ಬರ ಬ್ಯಾಡ, ತಾನಾಗೇ ಬೆಳಿತೈತಿ."

"ಅದಕ್ಕೆ ಕಳೆ ಅಂತಾರೆ."

"ನೋಡ್ತಿರು, ಮನೆಗೆ ಎಂಥಾ ಕಳೆ ಬರ್ತೈತಿ."

"ನಾನೂ ಅದನ್ನೇ ಹೇಳಿದ್ದು."

ಶ್ರಾವಣದ ಹೊತ್ತಿಗೆ ತುಂಬೆ ಮೊಣಕಾಲಿಗೆ ಬಂತು, ಅಣ್ಣೆ ಸೊಂಟಕ್ಕೆ ಬಂತು, ಕರೆಯದೇ ಬಂದ ಪಾರ್ಥೇನಿಯಂ ಎದೆಗೆ ಬಂತು. ಚಿಟ್ಟೆಯೂ ಬಂತು (ಒಂದು). ಆಮೇಲೆ ಕುಪ್ಪಗಡ್ಡೆಯ ಓಮ್ನಿ ಬಂತು.

ಇಳಿದವರು ಹುಡುಗಿಯ ಅಪ್ಪ ಮಾಸ್ತಪ್ಪ, ಅಜ್ಜಿ ಗುತ್ಯಮ್ಮ, ಇಬ್ಬರು ಚಿಕ್ಕಮ್ಮಂದಿರು. ಅಜ್ಜಿ ಅಂಗಳ ನೋಡಿ, "ಈ ಮನೇಲಿ ಜನ ಇದಾರಾ?" ಎಂದರು.

ಮಾಸ್ತಪ್ಪನವರು ನನ್ನತ್ತ ತಿರುಗಿದರು. "ಇದನ್ನ ಪಹಣೀಲಿ ಎಂತ ಬರೀತೀರಿ? ಬೀಳು ಅಂತನಾ?"

"ಇಲ್ಲ, ಬೇಕಂತಲೇ ಬೆಳೆಸಿದ್ದು" ಅಂದೆ. ಪಾಳು ಬಿಟ್ಟದ್ದು ಅಂದಿದ್ದರೂ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು.

"ಬಾಗಿಲ ಮುಂದಿನ ಕಳೆ ಕೀಳದವ ನಾಳೆ ಸಂಸಾರ ಹೆಂಗೆ ಮಾಡ್ತಾನೆ ಮಾಸ್ತಪ್ಪ?" ಎಂದರು ಅಜ್ಜಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಮಾಸ್ತಪ್ಪನವರು ಓಮ್ನಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸತೊಡಗಿದರು.

ಅವ್ವ ನನ್ನನ್ನು ಒಳಗೆ ಎಳೆದು ಕಾಫಿಯ ತಟ್ಟೆ ಕೈಗಿಟ್ಟಳು. ಹೊರಗೆ ಬಂದರೆ ಕುರ್ಚಿಗಳಲ್ಲಿ ಮಾಸ್ತಪ್ಪನವರೊಬ್ಬರೇ. ಮೂವರು ಹೆಂಗಸರೂ ಸೆರಗು ಸಿಕ್ಕಿಸಿ, ಸಾಲು ಹಿಡಿದು ಕೂತು ನನ್ನ ಬಯಲನ್ನು ಕೀಳುತ್ತಿದ್ದರು. "ಎಂತ ಮಾಡೋದು, ಕಳೆ ಕಂಡ್ರೆ ಕೈ ಸುಮ್ನಿರಲ್ಲ" ಅಂದರು ಒಬ್ಬರು ಚಿಕ್ಕಮ್ಮ, ನನ್ನ ಮೊದಲ ತುಂಬೆಯನ್ನು ಬೇಲಿಯಾಚೆ ಎಸೆಯುತ್ತಾ.

ನಾನು ಬಾಯಿ ತೆರೆದೆ. ಅವ್ವ ಹಿಂದಿನಿಂದ ಪಿಸುಗುಟ್ಟಿದಳು: "ಮಾತಾಡಿದ್ರೆ ಈ ಮನೆಗೆ ಸೊಸೆ ಬರಲ್ಲ ನೋಡು."

ತಟ್ಟೆ ಕೆಳಗಿಟ್ಟೆ. ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಕಿತ್ತೆ. ಮೂರು ದಿನ ನೆಟ್ಟದ್ದು ಕಾಫಿ ಆರುವಷ್ಟರಲ್ಲಿ ಮುಗಿಯಿತು. ನಡುವೆ ಒಂದು ಗಿಡ ಅರ್ಧಕ್ಕೆ ತುಂಡಾದಾಗ ಅಜ್ಜಿ ಕೈ ಮೇಲೆ ಹೊಡೆದು, "ಬೇರು ಬಿಡಬೇಡ" ಅಂದರು. ಕೊನೆಗೆ ಎದ್ದು ಕೈ ಕೊಡವಿಕೊಂಡು ತೀರ್ಪು ಕೊಟ್ಟರು: "ತಲೆ ಸ್ವಲ್ಪ ಹಂಗೇ ಇದೆ. ಆದ್ರೆ ಹೇಳಿದಲ್ಲಿ ಕೂರ್ತಾನೆ. ಕೊಡಬಹುದು."

ಬೋಳು ನೆಲ ನೋಡಿ ಅವ್ವ ಅಂದಳು, "ಈಗ ಮನೆಗೆ ಕಳೆ ಬಂತು."

ಸಂಜೆ ನಾಗಶ್ರೀಗೆ ಫೋನ್ ಮಾಡಿ, ಹುತಾತ್ಮನ ದನಿಯಲ್ಲಿ, "ಹೂವು ಅಂದ್ರೆ ಪ್ರಾಣ ಅಂದಿದ್ರಲ್ಲ, ನಿಮಗೋಸ್ಕರ ಬೆಳೆಸಿದ್ದು" ಎಂದೆ.



"ನಾ ಹೇಳಿದ್ದು ಮುಡಿಯೋ ಹೂವು ರೀ. ಅಜ್ಜಿ ಕೈಲಿ ಎರಡು ಮೊಳ ಮಲ್ಲಿಗೆ ಕೊಟ್ಟು ಕಳಿಸಿದ್ರೆ ಸಾಕಿತ್ತು."